ಇಲೇಷಾದ ತೂಕದ ಕಾರ್ಡು

ಮಿಶನ್ ಆಸ್ಪತ್ರೆ ಅಂದರೆ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಊರು ನೆನಪಿಗೆ ಬರುತ್ತದೆ. ಮೈಸೂರು ಕಡೆಯವರಿಗೆ ವೆಸ್ಲಿಯನ್ ಮಿಶನ್ನಿನವರು 1906ರಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಆ ಉದ್ದ ಹೆಸರು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ, 'ಮಿಶನ್ ಆಸ್ಪತ್ರೆ' ಅಂದರೆ ಸಾಕು, ಆಟೋದವನು ಗೇಟಿನ ಮುಂದೆ ತಂದು ನಿಲ್ಲಿಸುತ್ತಾನೆ. ವಿಜಾಪುರ, ಬೆಳಗಾವಿ ಕಡೆಯವರಿಗೆ ಮಿರಜ್. "ಇನ್ನ ಮಿರಜಿಗೆ ಒಯ್ಯಿರಿ" ಅಂತ ಊರ ಡಾಕ್ಟರು ಅಂದರೆ ಸಾಕು, ಮನೆಯಲ್ಲಿ ಅಳು ಶುರುವಾಗುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಇಂಥ ಆಸ್ಪತ್ರೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಬಿಳಿ ಕೋಟು ತೊಟ್ಟ ದೇವತೆಯ ಕಥೆ. ಇನ್ನೊಂದು, ಔಷಧದ ಸೀಸೆಯ ಹಿಂದೆ ಬೈಬಲ್ ಇತ್ತು ಎಂಬ ಕಥೆ. ಎರಡರಲ್ಲೂ ವೈದ್ಯನೇ ನಾಯಕ, ಇಲ್ಲವೆ ಖಳನಾಯಕ. ಕಾಯಿಲೆ ಬಿದ್ದ ಮಗು ಎಲ್ಲೋ ಮೂಲೆಯ ಮಂಚದ ಮೇಲೆ ಮಲಗಿರುತ್ತದೆ, ಅದರ ತಾಯಿಯಂತೂ ಚಿತ್ರದಲ್ಲೇ ಇರುವುದಿಲ್ಲ. ಮಗುವಿನ ಕಡೆಯಿಂದ ನೋಡಿದರೆ ಈ ಕಥೆ ಹೇಗಿರುತ್ತದೆ ಅಂತ ಸ್ವಲ್ಪ ಓದಿಕೊಂಡೆ. ಅದರ ಫಲ ಈ ಲೇಖನ. ವೈದ್ಯಕೀಯ ಓದುತ್ತಿರುವ ನಮ್ಮ ಸಂಘದ ಗೆಳೆಯರಿಗೆ ಇದರಲ್ಲಿ ಹೊಸದು ಕಡಿಮೆ. ಆರ್ಟ್ಸ್, ಕಾಮರ್ಸಿನವರಿಗಾಗಿ ಬರೆದದ್ದು.

ಆರಿಸಿಕೊಂಡ ಊರು ನೈಜೀರಿಯಾದ ಇಲೇಷಾ. ಆಫ್ರಿಕದ ಮಿಶನರಿ ವೈದ್ಯ ಅಂದರೆ ಎಲ್ಲರ ಬಾಯಿಗೂ ಬರುವ ಹೆಸರು ಆಲ್ಬರ್ಟ್ ಶ್ವೈಟ್ಜರ್. 1913ರಲ್ಲಿ ಗ್ಯಾಬನ್ನಿನ ಲಂಬಾರೆನೆಗೆ ಹೋದವರು, 1952ನೇ ವರ್ಷದ ಶಾಂತಿ ನೊಬೆಲ್ ಪಡೆದವರು. ಡೇವಿಡ್ ಮೋರ್ಲಿ ಎಂಬ ಹೆಸರನ್ನು ಕೇಳಿದವರು ಕಡಿಮೆ. ಆದರೆ ನಮ್ಮ ಅಕ್ಕ, ಅತ್ತಿಗೆಯರ ಮನೆಗಳಲ್ಲಿ ಕಪಾಟಿನೊಳಗೆ ಮಡಚಿಟ್ಟ ಒಂದು ಕಾರ್ಡು ಇರುತ್ತದಲ್ಲ, ಕೂಸಿನ ತೂಕ ಗುರುತು ಹಾಕಿದ್ದು, ಲಸಿಕೆಯ ತಾರೀಖು ಬರೆದದ್ದು? ಅದರ ಮೂಲ ಹುಡುಕುತ್ತ ಹೋದರೆ ಇಲೇಷಾದ ಮೆಥಡಿಸ್ಟ್ ಮಿಶನ್ ಆಸ್ಪತ್ರೆಗೇ ಹೋಗಿ ಮುಟ್ಟುತ್ತೇವೆ.

ಮೊದಲು ಆ ನಾಡಿನ ಬಗ್ಗೆ ಎರಡು ಮಾತು. ಇಲೇಷಾ ಇರುವುದು ಯೊರುಬಾ ಜನರ ಸೀಮೆಯಲ್ಲಿ, ಕೋಕೋ ಬೆಳೆಯುವ ಕಾಡುನಾಡು. 1986ರಲ್ಲಿ ನೊಬೆಲ್ ಪಡೆದ ವೋಲೆ ಸೋಯಿಂಕಾ ಯೊರುಬಾದವರೇ. ಅವರದೊಂದು ಪದ್ಯದ ಹೆಸರು 'ಅಬಿಕು'. ಜೆ. ಪಿ. ಕ್ಲಾರ್ಕ್ ಕೂಡ ಅದೇ ಹೆಸರಿನ ಪದ್ಯ ಬರೆದಿದ್ದಾರೆ. ಬೆನ್ ಓಕ್ರಿಯವರ 1991ರ ಬೂಕರ್ ಕಾದಂಬರಿಯಲ್ಲಿ ಕಥೆ ಹೇಳುವವನೂ ಒಬ್ಬ ಅಬಿಕು. ಏನಿದು ಅಬಿಕು? ಸಾಯುವುದಕ್ಕೆಂದೇ ಹುಟ್ಟುವ ಮಗು. ಒಂದೇ ತಾಯಿಯ ಹೊಟ್ಟೆಯಲ್ಲಿ ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಸತ್ತು ಅವಳನ್ನು ಕಾಡುವ ಒಂದೇ ಜೀವ ಅದು ಎಂಬುದು ಅಲ್ಲಿನ ನಂಬಿಕೆ. ಅಂಥ ಮಗುವನ್ನು ಉಳಿಸಿಕೊಳ್ಳಲು ಹೆಸರಿನಲ್ಲೇ ಬೇಡಿಕೊಳ್ಳುತ್ತಾರೆ. ಮಲೋಮೊ ಅಂದರೆ 'ಇನ್ನು ಹೋಗಬೇಡ'. ದುರೋಜಾಯೆ ಅಂದರೆ 'ಇದ್ದು ಬದುಕನ್ನು ಅನುಭವಿಸು'. ಕೊಸೊಕೊ ಅಂದರೆ 'ಗುದ್ದಲಿ ಇಲ್ಲ', ಅಂದರೆ ನಿನ್ನ ಗುಣಿ ತೋಡಲು ನಮ್ಮ ಹತ್ತಿರ ಸಲಕರಣೆ ಇಲ್ಲಪ್ಪ, ದಯವಿಟ್ಟು ಸಾಯಬೇಡ. ಈ ಹೆಸರಿನ ದೊರೆಯೊಬ್ಬ ಹತ್ತೊಂಬತ್ತನೇ ಶತಮಾನದಲ್ಲಿ ಲಾಗೋಸನ್ನು ಆಳಿದ್ದಾನೆ.

ಇದನ್ನು ಓದಿದಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನಮ್ಮಜ್ಜನ ಹೆಸರು ತಿಪ್ಪಣ್ಣ. ಅವನಿಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲವೆಂದು ಹುಟ್ಟಿದ ಕೂಡಲೆ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಸಾಡಿದ ಕೂಸು ಸಿಕ್ಕಿತು ಎಂಬಂತೆ ಎತ್ತಿಕೊಂಡು ಬಂದರಂತೆ. (ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿಟ್ಟುಕೊಂಡವರು ಬೇರೆ, ಅವರು ನನ್ನ ಮೇಲೆ ಸಿಟ್ಟಾಗಬಾರದು.) ಗುಂಡಪ್ಪ, ಕಲ್ಲಪ್ಪ, ಹುಚ್ಚಪ್ಪ ಎಂಬ ಹೆಸರುಗಳಲ್ಲೂ ಎಷ್ಟೋ ಸಲ ಇದೇ ಉಪಾಯ ಇರುತ್ತದೆ. ಇಲ್ಲಿ ಮುಂಬಯಿಯಲ್ಲಿ ನಮ್ಮ ಮರಾಠಿ ಗೆಳೆಯರ ಅಜ್ಜಂದಿರನ್ನು ವಿಚಾರಿಸಿ ನೋಡಿ: ದಗಡು, ಧೋಂಡು, ಕಚ್ರು. ಕಲ್ಲು, ಬಂಡೆ, ಕಸ. ಯಮನಿಗೆ ಈ ಕೂಸು ಬೇಡವೆನ್ನಿಸಬೇಕು. ಮಕ್ಕಳು ಸಾಯುವ ನಾಡುಗಳಲ್ಲಿ ಭಾಷೆ ಬೇರೆಯಾದರೂ ಹೆಸರಿನ ವ್ಯಾಕರಣ ಒಂದೇ ಇರುತ್ತದೆ ಅಂತ ನನಗೆ ಅನ್ನಿಸಿತು.

ಮೋರ್ಲಿ ಇಲೇಷಾಕ್ಕೆ ಹೋದದ್ದು 1956ರಲ್ಲಿ, ವೆಸ್ಲಿ ಗಿಲ್ಡ್ ಆಸ್ಪತ್ರೆಯ ಮಕ್ಕಳ ವೈದ್ಯರಾಗಿ. ಆಗ ಅವರಿಗೆ ಮೂವತ್ತಮೂರು ವರ್ಷ. ಅಲ್ಲಿದ್ದದ್ದು 1961ರವರೆಗೆ, ಅಂದರೆ ಐದೇ ವರ್ಷ. ನೈಜೀರಿಯಾ ಸ್ವತಂತ್ರವಾದದ್ದು 1960ರ ಅಕ್ಟೋಬರ್ 1ರಂದು, ಇವರಿದ್ದಾಗಲೇ. ಆ ಸೀಮೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಐದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಹೋಗುತ್ತಿದ್ದದ್ದು ಯಾವುದರಿಂದ? ಅಪರೂಪದ ಆಫ್ರಿಕನ್ ಜ್ವರದಿಂದೇನೂ ಅಲ್ಲ. ಭೇದಿ, ನ್ಯುಮೋನಿಯಾ, ಮಲೇರಿಯಾ, ನಾಯಿಕೆಮ್ಮು, ದಡಾರ, ಮತ್ತು ಇವೆಲ್ಲದರ ಕೆಳಗೆ ಹಾಸಿದಂತಿದ್ದ ಹಸಿವು.

ಹಸಿವು ಅಂದೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೋಕೋ ಬೆಳೆಯುವ ಊರಿನಲ್ಲಿ ಉಪವಾಸ ಬಿದ್ದವರು ಕಡಿಮೆ. ಎದೆಹಾಲು ಬಿಟ್ಟ ಕೂಸಿಗೆ ಕೊಡುತ್ತಿದ್ದದ್ದು 'ಓಗಿ' ಎಂಬ ಜೋಳದ (ಮುಸುಕಿನ ಜೋಳ ಅನ್ನಿ) ಹುಳಿ ಗಂಜಿ. ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಹೆಚ್ಚು ಭಾಗ ನೀರು, ಉಳಿದದ್ದು ಪಿಷ್ಟ. ಅದೇ ಮನೆಯಲ್ಲಿ ದೊಡ್ಡವರು ಅಲಸಂದೆ ಕಾಳಿನ ವಡೆ, ಕಡುಬು ತಿನ್ನುತ್ತಿದ್ದರು. ಅದು ಕೂಸಿನ ಬಾಯಿಯವರೆಗೆ ಬರುತ್ತಿರಲಿಲ್ಲ. ಅದಕ್ಕೂ ಮೊದಲೇ, ಪಕ್ಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮೈ ಊದಿಕೊಂಡು ಸಾಯುವ ಮಕ್ಕಳ ರೋಗಕ್ಕೆ ಅಲ್ಲಿನ 'ಗಾ' ಭಾಷೆಯ ಹೆಸರನ್ನೇ ಕೊಟ್ಟು 1935ರಲ್ಲಿ ಬರೆದರು: ಕ್ವಾಷಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ತಾಯಿಯ ಎದೆಯಿಂದ ಇಳಿಸಲ್ಪಟ್ಟ ಮಗುವಿನ ಕಾಯಿಲೆ ಎಂಬುದು ಆ ಮಾತಿನ ಅರ್ಥ. (ಈಕೆ ಮಿಶನರಿಯಲ್ಲ, ಸರಕಾರಿ ನೌಕರಿಯಲ್ಲಿದ್ದವರು.) ರೋಗದ ಕಾರಣವನ್ನು ಊರ ಹೆಂಗಸರು ಒಂದು ಶಬ್ದದಲ್ಲಿ ಹಿಡಿದಿಟ್ಟಿದ್ದರು, ಲಂಡನ್ನಿನ ಪುಸ್ತಕಗಳಲ್ಲಿ ಅದಿರಲಿಲ್ಲ. ಭಾಷೆ ಓದುವವರಾದ ನಮಗೆ ಇದು ಸಣ್ಣ ಸಂಗತಿಯಾಗಬಾರದು.

ಮೋರ್ಲಿಯವರು ಕಂಡುಕೊಂಡದ್ದು ಬಹಳ ಸರಳ. ಮಗು ಆಸ್ಪತ್ರೆಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಬದುಕಿಸಿ ಕಳಿಸಿದರೆ ಎರಡು ತಿಂಗಳಿಗೆ ಇನ್ನೊಂದು ಕಾಯಿಲೆ ಹೊತ್ತುಕೊಂಡು ಅದೇ ಮಗು ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಹಾಗಾದರೆ ಆಸ್ಪತ್ರೆಯ ಹೊರಗೆ ಆ ಮಗುವಿಗೆ ಏನಾಗುತ್ತದೆ? ಇದನ್ನು ತಿಳಿಯಲು ಇಮೇಸಿ ಎಂಬ ಹಳ್ಳಿಯನ್ನು ಆರಿಸಿಕೊಂಡರು. ಅಲ್ಲಿ ಒಂದು ಅವಧಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಐದು ವರ್ಷದವರೆಗೆ ಹಿಂಬಾಲಿಸಿ ತೂಕ, ಕಾಯಿಲೆ, ಊಟ ಎಲ್ಲ ಬರೆದಿಟ್ಟರು. 'ಐದರೊಳಗಿನ ಮಕ್ಕಳ ಕ್ಲಿನಿಕ್ಕು' ಎಂದು ಹೆಸರಾದ ಪದ್ಧತಿ ಬೆಳೆದದ್ದು ಅಲ್ಲೇ.

ಆ ಕ್ಲಿನಿಕ್ಕಿನಲ್ಲಿ ಹೊಸತೇನಿತ್ತು ಎಂದು ಕೇಳಬಹುದು. ಅದಕ್ಕಿಂತ ಮೊದಲು ಇಂಗ್ಲೀಷರ ಮಾದರಿಯಲ್ಲಿ ಆರೋಗ್ಯವಂತ ಮಕ್ಕಳಿಗೆ ಒಂದು ದಿನ, ಒಂದು ಕಟ್ಟಡ: ಅಲ್ಲಿ ತೂಕ ಹಾಕಿ ಉಪದೇಶ ಹೇಳುತ್ತಿದ್ದರು. ಕಾಯಿಲೆಯ ಮಕ್ಕಳಿಗೆ ಬೇರೆ ಸಾಲು, ಅಲ್ಲಿ ಔಷಧ ಕೊಟ್ಟು ಕಳಿಸುತ್ತಿದ್ದರು, ಉಪದೇಶಕ್ಕೆ ಹೊತ್ತಿಲ್ಲ. ಗದ್ದೆ ಕೆಲಸ ಬಿಟ್ಟು, ಒಂದು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಇನ್ನೊಂದನ್ನು ಕೈಹಿಡಿದು ಮೈಲಿಗಟ್ಟಲೆ ನಡೆದು ಬರುವ ಹೆಂಗಸು ಎರಡು ದಿನ ಎರಡು ಕಡೆ ಏಕೆ ಬಂದಾಳು? ಇಮೇಸಿಯಲ್ಲಿ ಎಲ್ಲ ಒಂದೇ ಕಡೆ ಆಯಿತು. ತೂಕ, ಲಸಿಕೆ, ಮಲೇರಿಯಾ ತಡೆಯುವ ಗುಳಿಗೆ, ಕೆಮ್ಮಿಗೆ ಔಷಧ, ಊಟದ ಮಾತು. ನಡೆಸುತ್ತಿದ್ದವರು ನರ್ಸುಗಳು. ಅವರಿಗೆ ತಿಳಿಯದ್ದು ಮಾತ್ರ ಡಾಕ್ಟರ ಹತ್ತಿರ ಹೋಗುತ್ತಿತ್ತು. ಮಾರ್ಗರೆಟ್ ವುಡ್‌ಲ್ಯಾಂಡ್ ಎಂಬ ನರ್ಸ್ ಈ ಕೆಲಸದ ಬೆನ್ನೆಲುಬು. ಮೋರ್ಲಿಯವರ ಜೊತೆಗೆ ಮುಂದೆ 1979ರಲ್ಲಿ ಮಕ್ಕಳ ಬೆಳವಣಿಗೆಯ ಬಗ್ಗೆ ಪುಸ್ತಕವನ್ನೂ ಬರೆದರು. ಡಾಕ್ಟರರ ಹೆಸರು ಮಾತ್ರ ಉಳಿಯುವುದು ಎಲ್ಲ ದೇಶಗಳಲ್ಲೂ ನಡೆಯುವ ಅನ್ಯಾಯ, ಆದ್ದರಿಂದ ಈ ಹೆಸರನ್ನು ಬೇಕೆಂದೇ ಬರೆದೆ.

ಈಗ ಕಾರ್ಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಬೇಕಾದರೆ ಪೆನ್ಸಿಲ್ ತೆಗೆದುಕೊಳ್ಳಿ. ಅಡ್ಡಗೆರೆಯಲ್ಲಿ ತಿಂಗಳು, ಉದ್ದಗೆರೆಯಲ್ಲಿ ಕಿಲೋ. ನಡುವೆ ಎಡದಿಂದ ಬಲಕ್ಕೆ ಏರುವ ಎರಡು ಬಾಗಿದ ಗೆರೆಗಳು. ಮೇಲಿನದು ಚೆನ್ನಾಗಿ ಬೆಳೆದ ಗಂಡುಮಕ್ಕಳ ನಡುವಿನ ತೂಕ. ಕೆಳಗಿನದು ಚೆನ್ನಾಗಿ ಬೆಳೆದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಮೂವರು ಮಾತ್ರ ಅದಕ್ಕಿಂತ ಕೆಳಗಿರುವ ತೂಕ. ಈ ಎರಡರ ನಡುವಿನ ಓಣಿಯೇ 'ಆರೋಗ್ಯದ ಹಾದಿ'. ಒಂದು ವರ್ಷಕ್ಕೆ ಮೇಲಿನ ಗೆರೆ ಸುಮಾರು 10 ಕಿಲೋ ಇರುತ್ತದೆ. ಪ್ರತಿ ತಿಂಗಳು ಮಗುವಿನ ತೂಕಕ್ಕೆ ಒಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ.

ಇಷ್ಟೇ ಆದರೆ ಅಂಥ ದೊಡ್ಡ ವಿಷಯವೇನಲ್ಲ. ಮೋರ್ಲಿಯವರು ಒತ್ತಿ ಹೇಳಿದ್ದು ಇನ್ನೊಂದು: ಮಗು ಎಲ್ಲಿದೆ ಎಂಬುದಕ್ಕಿಂತ ಯಾವ ಕಡೆ ಹೊರಟಿದೆ ನೋಡಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ವರ್ಷದ ಎರಡು ಮಕ್ಕಳು, ಎರಡೂ 8 ಕಿಲೋ. ಮೊದಲನೆಯದು ಹುಟ್ಟುವಾಗಲೇ ಸಣ್ಣದು. ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಏರಿ 8ಕ್ಕೆ ಬಂದಿದೆ. ಎರಡನೆಯದು ಎಂಟು ತಿಂಗಳಿಗೇ 8 ಕಿಲೋ ಇತ್ತು, ನಾಲ್ಕು ತಿಂಗಳಿಂದ ಅಲ್ಲೇ ನಿಂತಿದೆ. ತಕ್ಕಡಿಗೆ ಇಬ್ಬರೂ ಒಂದೇ. ಕಣ್ಣಿಗೂ ಒಂದೇ, ಎರಡನೆಯದೇ ಕೊಂಚ ದುಂಡಗೆ ಕಾಣಿಸಲೂಬಹುದು. ಕಾರ್ಡು ನೋಡಿದರೆ ಮಾತ್ರ ಅಪಾಯದಲ್ಲಿರುವುದು ಯಾರು ಅಂತ ತಿಳಿಯುತ್ತದೆ. ಗೆರೆ ಮಟ್ಟಸವಾದರೆ ಎಚ್ಚರಿಕೆ, ಬಾಗಿದರೆ ಕೂಡಲೆ ಏನಾದರೂ ಮಾಡಬೇಕು. ಊರಿನ ಮಕ್ಕಳೆಲ್ಲ ಸಣಕಲಾಗಿದ್ದಾಗ ಸಣಕಲು ಕಣ್ಣಿಗೆ ಕಾಣುವುದೇ ಇಲ್ಲ. "ಇವರಪ್ಪನೂ ಸಣ್ಣಾವಿದ್ದಾಗ ಹಿಂಗ ಇದ್ದ" ಅಂದರೆ ಮಾತು ಮುಗಿಯಿತು. ಕಾಣದ್ದನ್ನು ಕಾಣಿಸುವುದು ಆ ಗೆರೆಯ ಕೆಲಸ.

ವಯಸ್ಸು ಗೊತ್ತಿಲ್ಲದಿದ್ದರೆ? ಆ ಹಳ್ಳಿಗಳಲ್ಲಿ ಹುಟ್ಟಿದ ತಾರೀಖು ಯಾರು ಬರೆದಿಟ್ಟಿದ್ದರು? ಅದಕ್ಕೆ ಊರಿನದೇ ಪಂಚಾಂಗ ಮಾಡಿಕೊಂಡರು: ಮೊದಲ ಮಳೆ, ಗೆಣಸು ಕೀಳುವ ಕಾಲ, ಹಬ್ಬ. ನಮ್ಮಲ್ಲಿ "ಕಾರಹುಣ್ಣಿವಿ ಮುಂದ ಹುಟ್ಟಿದ್ದು, ಜಾತ್ರಿಗೆ ಮೂರು ತಿಂಗಳದಾಗಿತ್ತು" ಅನ್ನುವಂತೆಯೇ. ಕಾರ್ಡಿನ ಮೊದಲ ಚೌಕದಲ್ಲಿ ಜನವರಿ ಇರುವುದಿಲ್ಲ, ಆ ಮಗು ಹುಟ್ಟಿದ ತಿಂಗಳು ಇರುತ್ತದೆ. ಹೀಗಾಗಿ ಲೆಕ್ಕ ಬಾರದವರೂ ವಯಸ್ಸು ತಪ್ಪುವಂತಿಲ್ಲ. ಒಂದು ಮೂಲೆಯಲ್ಲಿ ವಿಶೇಷ ಕಾಳಜಿ ಬೇಕಾದ ಕಾರಣ ಬರೆಯಲು ಜಾಗ: ಅವಳಿಜವಳಿ, ತೂಕ ಕಡಿಮೆ ಹುಟ್ಟಿದ್ದು, ಹಿಂದಿನ ಮಕ್ಕಳು ತೀರಿಕೊಂಡದ್ದು, ತಂದೆಯೋ ತಾಯಿಯೋ ಇಲ್ಲದ್ದು. ಅವಳಿಗಳ ಮಾತು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಅವಳಿಗಳು ಹುಟ್ಟುವುದು ಯೊರುಬಾ ಜನರಲ್ಲಿ, ಸಾವಿರ ಹೆರಿಗೆಗೆ ನಲವತ್ತಕ್ಕೂ ಮೇಲೆ.

ಕಾರ್ಡನ್ನು ಇಟ್ಟುಕೊಳ್ಳುವವರು ಯಾರು ಎಂಬುದು ಕೊನೆಯ ಮಾತು, ನನ್ನ ಮಟ್ಟಿಗೆ ಮುಖ್ಯ ಮಾತು. ಆಸ್ಪತ್ರೆಯ ಕಾಗದ ಆಸ್ಪತ್ರೆಯ ಕಪಾಟಿನಲ್ಲಿರಬೇಕು ಎಂಬುದು ಲೋಕರೂಢಿ. ಮೋರ್ಲಿಯವರು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಾಯಿಯ ಕೈಗೆ ಕೊಟ್ಟರು. ಓದು ಬಾರದ ಹೆಂಗಸು ಕಳೆದುಬಿಡುತ್ತಾಳೆ ಅಂತ ಅನುಮಾನ ಪಟ್ಟವರಿದ್ದರು. ತಾಯಂದಿರು ಕಳೆಯಲಿಲ್ಲ, ಆಸ್ಪತ್ರೆಯವರಿಗಿಂತ ಜೋಪಾನವಾಗಿ ಇಟ್ಟರು. ಏಕೆ ಇಡುವುದಿಲ್ಲ ಹೇಳಿ? ಕೂಸಿನ ಹಣೆಬರಹ ಕಣ್ಣಿಗೆ ಕಾಣುವಂತೆ ಬರೆದ ಕಾಗದ ಅದೊಂದೇ.

ಇನ್ನು ದಡಾರ. ನಮ್ಮಲ್ಲಿ ಇದಕ್ಕೆ 'ಅಮ್ಮ' ಅನ್ನುತ್ತಾರೆ, ಬೇವಿನ ಸೊಪ್ಪು ಕಟ್ಟುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಯುರೋಪಿನ ಪಠ್ಯಪುಸ್ತಕಗಳಲ್ಲಿ ಆ ಕಾಲಕ್ಕೆ ಇದು ಎಲ್ಲ ಮಕ್ಕಳಿಗೂ ಬಂದು ಹೋಗುವ ಕಾಯಿಲೆ. ಇಲೇಷಾದಲ್ಲಿ ಅದು ಕೊಲ್ಲುವ ಕಾಯಿಲೆ. ಬಾಯಿ ಹುಣ್ಣಾಗಿ ಕೂಸು ಮೊಲೆ ಚೀಪಲಾರದು, ಭೇದಿ ಹತ್ತುತ್ತದೆ, ಎದೆ ಕಟ್ಟುತ್ತದೆ, ಕೆಲವರಿಗೆ ಕಣ್ಣಿನ ಗುಡ್ಡೆ ಹುಣ್ಣಾಗಿ ದೃಷ್ಟಿಯೇ ಹೋಗುತ್ತದೆ. ಉಳಿದ ಮಗುವಿನ ಕಾರ್ಡು ನೋಡಿದರೆ ಗೆರೆ ಪಾತಾಳಕ್ಕೆ ಇಳಿದಿರುತ್ತದೆ, ಕಳೆದುಕೊಂಡ ತೂಕ ಮರಳಿ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ನಾಯಿಕೆಮ್ಮು ಬಂದರೆ ಮುಗಿಯಿತು. ದಡಾರದಿಂದ ಸತ್ತವರ ಲೆಕ್ಕದಲ್ಲಿ ಆ ಮಗು ಸೇರುವುದೇ ಇಲ್ಲ, ಆದರೆ ಕೊಂದದ್ದು ದಡಾರವೇ. ಇದನ್ನು ತೋರಿಸಿಕೊಟ್ಟದ್ದು ಆ ಕಾರ್ಡುಗಳ ದೊಡ್ಡ ಉಪಕಾರ.

ಆಗ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಎಂಡರ್ಸ್ ಅವರ ಪ್ರಯೋಗಶಾಲೆ ದಡಾರದ ಲಸಿಕೆ ತಯಾರಿಸುತ್ತಿತ್ತು. 1954ರಲ್ಲಿ ಎಡ್ಮನ್‌ಸ್ಟನ್ ಎಂಬ ಶಾಲಾಹುಡುಗನಿಂದ ಸಿಕ್ಕ ವೈರಸ್ಸನ್ನು ಪಳಗಿಸಿ ಮಾಡಿದ್ದು. ಅಲ್ಲಿನ ಸ್ಯಾಮ್ಯುಯೆಲ್ ಕಾಟ್ಜ್ ಇಲೇಷಾಕ್ಕೆ ಬಂದು ಮೋರ್ಲಿಯವರ ಜೊತೆ ಅದನ್ನು ಪರೀಕ್ಷಿಸಿದರು. ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕದ್ದು 1963ರಲ್ಲಿ. ಬಡ ದೇಶದ ಮಕ್ಕಳ ಮೇಲೆ ಪ್ರಯೋಗವೇ ಎಂಬ ಪ್ರಶ್ನೆ ನಿಮಗೆ ಬಂದಿರಬೇಕು, ನನಗೂ ಬಂತು. ಅದೇ ಲಸಿಕೆಯನ್ನು ಮೊದಲು ಅಮೆರಿಕದ ಮಕ್ಕಳಿಗೂ ಕೊಟ್ಟು ನೋಡಿದ್ದರು. ಸೊರಗಿದ ಮಕ್ಕಳಿಗೆ ಅದು ತಡೆದುಕೊಳ್ಳುತ್ತದೆಯೇ ಎಂದು ತಿಳಿಯುವುದು ಉಳಿದಿತ್ತು. ದಡಾರ ಕೊಲ್ಲುವುದು ಅಂಥ ಮಕ್ಕಳನ್ನೇ ತಾನೆ? ಆದರೂ ಪ್ರಶ್ನೆ ಪೂರ್ತಿ ತೀರಿತೆಂದು ನಾನು ಹೇಳಲಾರೆ. ಲಸಿಕೆ ಮೊದಲು ಬೇಕಾದ ಊರಿಗೆ ಅದು ಪೂರ್ತಿ ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ. ನಮ್ಮ ದೇಶದಲ್ಲೇ ಸರಕಾರಿ ಲಸಿಕೆ ಕಾರ್ಯಕ್ರಮಕ್ಕೆ ದಡಾರದ ಸೂಜಿ ಸೇರಿದ್ದು 1985ರಲ್ಲಿ, ಅಂದರೆ ಅಮೆರಿಕದ ಮಕ್ಕಳಿಗೆ ಸಿಕ್ಕ ಇಪ್ಪತ್ತೆರಡು ವರ್ಷಕ್ಕೆ.

ಅಪೌಷ್ಟಿಕತೆಯೇ ದಡಾರವನ್ನು ಇಷ್ಟು ಕ್ರೂರ ಮಾಡುತ್ತದೆ ಎಂಬುದು ಮೋರ್ಲಿ ಮತ್ತು ಅವರ ಕಾಲದವರ ತಿಳುವಳಿಕೆ. ಮುಂದೆ ಗಿನಿ-ಬಿಸಾವುದಲ್ಲಿ ಕೆಲಸ ಮಾಡಿದ ಪೀಟರ್ ಆಬಿ ಎಂಬ ಡೆನ್ಮಾರ್ಕಿನ ಮಾನವಶಾಸ್ತ್ರಜ್ಞ (ವೈದ್ಯನಲ್ಲ, ಗಮನಿಸಿ) 1979ರ ದಡಾರದ ಹಾವಳಿಯ ಲೆಕ್ಕ ಬಿಡಿಸಿ ಬೇರೆ ಮಾತು ಹೇಳಿದರು. ಹೊರಗಿನಿಂದ ರೋಗ ತಂದ ಮಗುವಿಗಿಂತ, ಅದೇ ಮನೆಯಲ್ಲಿ ಆ ಮಗುವಿನಿಂದ ಅಂಟಿಸಿಕೊಂಡ ತಮ್ಮನೋ ತಂಗಿಯೋ ಸಾಯುವ ಸಂಭವ ಹೆಚ್ಚು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದ್ದರೆ ಮೈಗೆ ಹೊಗುವ ವೈರಸ್ಸಿನ ಪ್ರಮಾಣವೇ ಹೆಚ್ಚು. ಹಾಗಾದರೆ ಕೊಲ್ಲುವುದು ಹಸಿವೋ, ಇಕ್ಕಟ್ಟೋ? ಪಂಡಿತರು ಇದರ ಮೇಲೆ ಬಹಳ ಚರ್ಚೆ ಮಾಡಿದರು. ಹಸಿವು, ಇಕ್ಕಟ್ಟು ಎರಡೂ ಒಂದೇ ಮನೆಯಲ್ಲಿ ವಾಸ ಮಾಡುತ್ತವೆ ಎಂದು ತಿಳಿಯಲು ಮುಂಬಯಿಯಲ್ಲಿರುವ ನಮಗೆ ಗಿನಿ-ಬಿಸಾವುವರೆಗೆ ಹೋಗುವ ಅಗತ್ಯವಿಲ್ಲ. 2022ರ ಕೊನೆಯಲ್ಲಿ ಗೋವಂಡಿಯ ಕಡೆ ದಡಾರ ಹಬ್ಬಿ ಮಕ್ಕಳು ಸತ್ತದ್ದನ್ನು ನಾವು ಪೇಪರಿನಲ್ಲಿ ಓದಿದ್ದೇವೆ. ನಮ್ಮ ಲೋಕಲ್ ಟ್ರೇನು ದಿನಾ ನಿಲ್ಲುವ ಸ್ಟೇಷನ್ನು ಅದು.

ಇನ್ನೊಂದು ಮಿಶನ್ ಆಸ್ಪತ್ರೆಯ ಹೆಸರನ್ನು ಇಲ್ಲೇ ಹೇಳಿಬಿಡುತ್ತೇನೆ. ಟಾಂಜಾನಿಯಾದ ಮ್ವೂಮಿ. ಅಲ್ಲಿ ದಡಾರದಿಂದ ದಾಖಲಾದ 180 ಮಕ್ಕಳಲ್ಲಿ 88 ಮಕ್ಕಳಿಗೆ ಎ ಜೀವಸತ್ವದ ದೊಡ್ಡ ಡೋಸು ಕೊಟ್ಟರು, 92 ಮಕ್ಕಳಿಗೆ ಎಂದಿನ ಚಿಕಿತ್ಸೆ ಮಾತ್ರ. ಮೊದಲ ಗುಂಪಿನಲ್ಲಿ 6 ಸಾವು, ಎರಡನೆಯದರಲ್ಲಿ 12. ಇದು ಪ್ರಕಟವಾದದ್ದು 1987ರಲ್ಲಿ. ತಮಾಷೆ ಏನಪ್ಪಾ ಅಂದರೆ, 1932ರಲ್ಲೇ ಲಂಡನ್ನಿನಲ್ಲಿ ಎಲಿಸನ್ ಎಂಬ ವೈದ್ಯರು ಹೆಚ್ಚುಕಡಿಮೆ ಇದನ್ನೇ ತೋರಿಸಿದ್ದರು. ಅಲ್ಲಿ ದಡಾರದ ಸಾವು ಕಡಿಮೆಯಾಯಿತು, ಆ ಲೇಖನ ಧೂಳು ಹಿಡಿಯಿತು. ಶ್ರೀಮಂತ ದೇಶದ ಕಾಯಿಲೆ ವಾಸಿಯಾದ ಮೇಲೆ ಅದರ ಔಷಧವೂ ಮರೆತುಹೋಗುತ್ತದೆ. ಐವತ್ತೈದು ವರ್ಷ ಕಾದು ಒಂದು ಮಿಶನ್ ಆಸ್ಪತ್ರೆಯಲ್ಲಿ ಅದನ್ನು ಮತ್ತೆ ಕಂಡುಹಿಡಿಯಬೇಕಾಯಿತು.

ಧರ್ಮದ ಪ್ರಶ್ನೆ ಎತ್ತದೆ ಹೋದರೆ ಚರ್ಚಾಕೂಟದ ಗೆಳೆಯರು ಬಿಡುವುದಿಲ್ಲ. ಮೆಥಡಿಸ್ಟರು ಇಲೇಷಾಕ್ಕೆ ಹೋದದ್ದು ಧರ್ಮ ಹೇಳಲಿಕ್ಕೇ, ಮೈಸೂರಿಗೆ ಬಂದದ್ದೂ ಅದಕ್ಕೇ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ನನ್ನ ಅಭಿಪ್ರಾಯ ಇಷ್ಟು: ಮಿಶನರಿ ವೈದ್ಯರಲ್ಲೂ ಒಳಜಾತಿಗಳಿದ್ದವು. ಕಟ್ಟಡವನ್ನು ನಂಬಿದವರು, ಕಟ್ಟಡ ಬಿಟ್ಟು ಹೊರಗೆ ಬಂದವರು. ಮೋರ್ಲಿ ಎರಡನೆಯ ಗುಂಪಿನವರು. ದೊಡ್ಡ ಆಸ್ಪತ್ರೆಗಳನ್ನು ಅವರು 'ರೋಗದ ಅರಮನೆ' ಅನ್ನುತ್ತಿದ್ದರು. 1961ರಲ್ಲಿ ಲಂಡನ್ನಿಗೆ ಹಿಂದಿರುಗಿ ಪಾಠ ಹೇಳುವಾಗ ಎಲ್ಲ ದೇಶದ ವಿದ್ಯಾರ್ಥಿಗಳಿಗೂ ಕಲಿಸಿದ್ದು ಈ ಹೊರಗಿನ ಕೆಲಸವನ್ನೇ. 1965ರಲ್ಲಿ ಅಗ್ಗದ ಬೆಲೆಗೆ ಪಾಠದ ಸ್ಲೈಡು, ಪುಸ್ತಕ, ಸಲಕರಣೆ ಕಳಿಸುವ 'ಟಾಲ್ಕ್' ಎಂಬ ಸಂಸ್ಥೆ ಕಟ್ಟಿದರು. ಭೇದಿಯಾದ ಮಗುವಿಗೆ ನೀರು ಬೆರೆಸಲು ಒಂದು ತುದಿಯಲ್ಲಿ ಸಕ್ಕರೆಗೆ, ಇನ್ನೊಂದು ತುದಿಯಲ್ಲಿ ಉಪ್ಪಿಗೆ ಅಳತೆಯಿರುವ ಪ್ಲಾಸ್ಟಿಕ್ ಚಮಚ. ತೋಳಿನ ಸುತ್ತಳತೆ ನೋಡುವ ಕೆಂಪು, ಹಳದಿ, ಹಸಿರು ಪಟ್ಟಿ. ಇಂಥ ಕಾಸಿಗೆ ಕೊಸರಿನ ಸಾಮಾನುಗಳ ಮೇಲೆ ಅವರಿಗೆ ಬಹಳ ಪ್ರೀತಿ. ತೀರಿಕೊಂಡದ್ದು 2009ರಲ್ಲಿ. ಇಲೇಷಾದ ಆಸ್ಪತ್ರೆ ಅಷ್ಟು ಹೊತ್ತಿಗೆ ಮಿಶನ್ನಿನ ಕೈಬಿಟ್ಟು ಅಲ್ಲಿನ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯ ಭಾಗವಾಗಿತ್ತು.

ಇದೇ ಹೊರಗೆ ಬರುವ ಹಂಬಲ ನಮ್ಮ ಪಕ್ಕದಲ್ಲೇ ಜಾಮಖೇಡದಲ್ಲೂ ನಡೆಯಿತು. ವೆಲ್ಲೂರಿನ ಮಿಶನ್ ಕಾಲೇಜಿನಲ್ಲಿ ಓದಿದ ರಜನಿಕಾಂತ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಅಲ್ಲಿ ಕೆಲಸ ಶುರು ಮಾಡಿ, ಅಕ್ಷರ ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. 1979ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜಾಮಖೇಡದ ಕಥೆ ಒಂದು ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ, ಪುಣೆಯ ಗೆಳೆಯರು ಯಾರಾದರೂ ಬರೆಯಬೇಕು.

ಕಾರ್ಡು ಮಾತ್ರ ಲೋಕಸಂಚಾರ ಹೊರಟಿತು. 1975ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು, ಕರ್ನಾಟಕದ ಟಿ. ನರಸೀಪುರ ಅದರಲ್ಲೊಂದು. 1980ರ ದಶಕದ ಆರಂಭದಲ್ಲಿ ಯುನಿಸೆಫ್ ತನ್ನ ನಾಲ್ಕು ಮುಖ್ಯ ಕೆಲಸಗಳಲ್ಲಿ ತೂಕದ ಕಾರ್ಡನ್ನು ಮೊದಲನೆಯದಾಗಿ ಹೆಸರಿಸಿತು. ಅಷ್ಟಾದ ಮೇಲೆ ಒಂದು ಕಹಿ ಸುದ್ದಿ ಬಂತು, ಅದೂ ವೆಲ್ಲೂರಿನ ಕಡೆಯಿಂದಲೇ. ಕೆ. ವಿ. ಕುಪ್ಪಂ ಸುತ್ತಿನ 12 ಹಳ್ಳಿಗಳಲ್ಲಿ ಆರಕ್ಕೆ ತೂಕದ ಕಾರ್ಡು ಮತ್ತು ಉಳಿದೆಲ್ಲ ಸೇವೆ, ಇನ್ನಾರಕ್ಕೆ ಕಾರ್ಡು ಬಿಟ್ಟು ಅದೇ ಸೇವೆ ಕೊಟ್ಟು ಹೋಲಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶ: ಎರಡೂ ಕಡೆ ಮಕ್ಕಳು ಸುಧಾರಿಸಿದರು, ಕಾರ್ಡಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ಗೆರೆ ಎಳೆದದ್ದು ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ತಕ್ಕಡಿ ಮಗುವನ್ನು ಬೆಳೆಸುವುದಿಲ್ಲ. ಗೆರೆ ನಿಂತಾಗ ಯಾರಾದರೂ ಏನಾದರೂ ಮಾಡಿದರೆ ಮಾತ್ರ ಬೆಳೆಯುತ್ತದೆ. ಇಮೇಸಿಯಲ್ಲಿ ಗೆರೆ ನೋಡಿ ಆಡುವ ಮಾತಿಗೆ ಒಬ್ಬ ನರ್ಸ್ ಇದ್ದಳು, ಅವಳ ಕೈಯಲ್ಲಿ ಔಷಧವಿತ್ತು, ತಾಯಿಯ ಕೈಯಲ್ಲಿ ಕಾರ್ಡಿತ್ತು.

ಕಾಲೇಜಿನ ಎನ್ನೆಸ್ಸೆಸ್ ಕೆಲಸಕ್ಕೆಂದು ನಾನು ಕೆಲವು ವಾರ ಒಂದು ಅಂಗನವಾಡಿಗೆ ಹೋಗುತ್ತಿದ್ದೆ. ಅಲ್ಲಿಗೆ ಮಕ್ಕಳನ್ನು ಕಳಿಸುವವರಲ್ಲಿ ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬಹಳ. ನೋಡಿಕೊಳ್ಳುವ ಅಕ್ಕನೂ ನಮ್ಮ ಕಡೆಯವರೇ. ತೊಲೆಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿಯಲ್ಲಿ ಕೂಸನ್ನು ಕೂರಿಸಿದರೆ ಅದು ಮಾಡುವ ರಂಪ ನೋಡಬೇಕು. ತೂಕ ನೋಡಿದ ಅಕ್ಕ ಮೊಬೈಲಿನಲ್ಲಿ ಅದನ್ನು ಒತ್ತಿದರು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿಗೆ ಹಾಕಬೇಕು. ಕಾರ್ಡು ತಾಯಿಯ ಹತ್ತಿರವೂ ಇತ್ತು, ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಚಿತ್ರ, ಹಸಿರು ಹಳದಿ ಪಟ್ಟೆ. ಆದರೆ ಮೂರು ತಿಂಗಳಿಂದ ಅದರಲ್ಲಿ ಚುಕ್ಕೆ ಬಿದ್ದಿರಲಿಲ್ಲ.

"ಅಕ್ಕಾರ, ಕಾರ್ಡಿನ್ಯಾಗ ಬರಿಯಂಗಿಲ್ಲೇನ್ರಿ?" ಅಂದೆ.

"ಮೊಬೈಲಿನ್ಯಾಗ ಹಾಕ್ಲಿಲ್ಲಂದ್ರ ಮ್ಯಾಲಿನವ್ರು ಕೇಳ್ತಾರ ತಮ್ಮಾ. ಕಾರ್ಡಿನ್ಯಾಗ ಹಾಕ್ಲಿಲ್ಲಂದ್ರ ಯಾರ್ ಕೇಳ್ತಾರ?"

ಪಕ್ಕದಲ್ಲಿ ನಿಂತಿದ್ದ ತಾಯಿ, ಇಪ್ಪತ್ತು ವರ್ಷದವಳಿರಬಹುದು, ಕಾರ್ಡನ್ನು ಮುಂದೆ ಹಿಡಿದು, "ನಾ ಕೇಳಾಕತ್ತೀನಲ್ಲಕ್ಕಾ, ಹಾಕ್ರಿ" ಅಂದಳು. ಅಕ್ಕ ನಕ್ಕು ಪೆನ್ನು ತೆಗೆದುಕೊಂಡು ಮೂರು ತಿಂಗಳ ತೂಕವನ್ನೂ ರಿಜಿಸ್ಟರಿನಿಂದ ನೋಡಿ ಹಾಕಿದರು. ಗೆರೆ ಮಟ್ಟಸವಾಗಿತ್ತು. ಅವತ್ತು ಆ ಇಬ್ಬರೂ ಅರ್ಧ ಗಂಟೆ ಕೂತು ಕೂಸಿಗೆ ಏನು ಉಣ್ಣಿಸುತ್ತೀ, ಕೆಲಸಕ್ಕೆ ಹೋದಾಗ ಯಾರ ಹತ್ತಿರ ಬಿಡುತ್ತೀ ಎಂದು ಮಾತಾಡಿದರು. ಬೇಳೆ ಕಟ್ಟಿನ ಬದಲು ಬೇಳೆಯನ್ನೇ ಅರೆದು, ಸ್ವಲ್ಪ ಎಣ್ಣೆ ಬಿಟ್ಟು ತಿನ್ನಿಸು ಎಂಬಲ್ಲಿಗೆ ಮಾತು ಬಂತು. ಕೂಸನ್ನು ಹಗಲು ನೋಡಿಕೊಳ್ಳುವವಳು ಏಳು ವರ್ಷದ ಅಕ್ಕ ಎಂಬುದೂ ಆಗಲೇ ಗೊತ್ತಾದದ್ದು. ಅದಕ್ಕೆ ಅಕ್ಕನ ಹತ್ತಿರ ಔಷಧವಿರಲಿಲ್ಲ.

ಈ ವಿಷಯದಲ್ಲಿ ನನ್ನದೊಂದು ಬಿನ್ನಹ. ನಮ್ಮ ಸಂಘದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ, ಕಾಸರಗೋಡು, ಸೊಲ್ಲಾಪುರ ಕಡೆಯಿಂದಲೂ ಬಂದವರಿದ್ದೀರಿ. ದಡಾರಕ್ಕೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ, ಎದೆಹಾಲು ಬಿಟ್ಟು ಸೊರಗಿದ ಕೂಸಿಗೆ ಬೇರೆ ಶಬ್ದವಿದೆಯೇ, ಮಕ್ಕಳು ಉಳಿಯದ ಮನೆಗಳಲ್ಲಿ ಇಟ್ಟ ಹೆಸರುಗಳು ಯಾವುವು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಪೆಟ್ಟಿಗೆಯಲ್ಲಿ ಹಾಕಿ. ಹೆಸರಿನ ಜೊತೆ ಆ ಹೆಸರಿನವರು ಎಷ್ಟನೆಯ ಮಗು ಎಂಬುದನ್ನು ಅಜ್ಜಿಯನ್ನು ಕೇಳಿ ಬರೆಯಿರಿ. ಮುಂದಿನ ಸಂಚಿಕೆಯ ಸ್ಟೆನ್ಸಿಲ್ ಕತ್ತರಿಸುವ ಮೊದಲು ಬಂದರೆ ಪಟ್ಟಿ ಮಾಡಿ ಹಾಕೋಣ.